ಐದನೆಯ ಡಿಸ್ಕ್

ಸುರಬಾಯಾ ನಗರದ ಒಂದು ಸಂಸ್ಥೆಯಲ್ಲಿ ಪಾಲುಪಿ ಹನ್ನೊಂದು ವರ್ಷಗಳಿಂದ ಕಡತ, ಕಂಪ್ಯೂಟರು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಗಂಡನ ಏಟಿಗೆ ಹೆದರಿ ಓಡಿಬಂದ ಹೆಂಗಸರನ್ನು ಊರಂಚಿನ ಮನೆಯೊಂದರಲ್ಲಿ ಬಚ್ಚಿಟ್ಟು ಕಾಪಾಡುವ ಸಂಸ್ಥೆ ಅದು. ಆ ಮನೆ ಎಲ್ಲಿದೆಯೆಂಬುದು ಪಾಲುಪಿಯ ಗಂಡನಿಗೂ ಗೊತ್ತಿರಲಿಲ್ಲ.

ಆ ಹೆಂಗಸರ ಫೋಟೋ, ಆ ಮನೆಯ ವಿಳಾಸ ಎಲ್ಲ ಇದ್ದ ಐದು ಹಳೆಯ ಲ್ಯಾಪ್‌ಟಾಪ್‌ಗಳನ್ನು ಸಾಗಹಾಕುವ ಕೆಲಸ ಆ ವರ್ಷ ಅವಳ ಪಾಲಿಗೆ ಬಂತು. ತಿರುಗುವ ಡಿಸ್ಕ್‌ಗಳ ಕಾಲದಲ್ಲಿ ಕಲಿತ ಪಾಠ ಅವಳಿಗೆ ಮರೆತಿರಲಿಲ್ಲ. ಹಳೆಯದನ್ನು ಅಳಿಸಲು ಡಿಸ್ಕಿನ ತುಂಬ ಸೊನ್ನೆ ಬರೆಸಿದಳು, ಒಂದಲ್ಲ, ಮೂರು ಸಲ. ಹೀಗೆ ನಾಲ್ಕು ಮುಗಿದವು. ಐದನೆಯದು ಶುರುವಾಗಲೇ ಇಲ್ಲ. ಸತ್ತ ಯಂತ್ರ ಯಾರಿಗೆ ಏನು ಹೇಳೀತು ಎಂದುಕೊಂಡು, ‘ಐದರಲ್ಲೂ ಮಾಹಿತಿ ಅಳಿಸಲಾಗಿದೆ’ ಎಂಬ ಕಾಗದಕ್ಕೆ ಸಹಿ ಹಾಕಿ, ಹಳೇ ಸಾಮಾನು ಕೊಳ್ಳುವ ಮತ್ತು ಎಲ್ಲರೂ ‘ಚಾಕ್’, ಅಂದರೆ ಅಣ್ಣ, ಎಂದು ಕರೆಯುವ ಮುಕ್ರಿಗೆ ಎಲ್ಲವನ್ನೂ ಒಪ್ಪಿಸಿದಳು.

ಮೂರು ವಾರ ಕಳೆದು ಒಂದು ತರಬೇತಿಗೆ ಹೋದಳು. ಪಾಠ ಹೇಳುತ್ತಿದ್ದವಳು ಲಿಂತಾಂಗ್ ಎಂಬ ಚುರುಕು ಹುಡುಗಿ.

“ಎಸ್‌ಎಸ್‌ಡಿ ಅಂದ್ರೆ ಚಿಪ್‌ಗಳಲ್ಲಿ ಮಾಹಿತಿ ಇಡೋ ಡಿಸ್ಕ್, ಅದು ಹಳೇ ತಿರುಗೋ ಡಿಸ್ಕ್ ಥರ ಅಲ್ಲ. ಒಂದೇ ಜಾಗ ಸವೀಬಾರ್ದು ಅಂತ ಅದು ಬರೆಯೋ ಜಾಗ ತಾನೇ ಬದಲಾಯಿಸ್ತಾ ಇರುತ್ತೆ. ನೀವು ಮೇಲೆ ಸೊನ್ನೆ ಬರೆದ್ವಿ ಅಂದ್ಕೋತೀರಿ, ಹಳೇದು ಯಾವ್ದೋ ಮೂಲೇಲಿ ಹಾಗೇ ಕೂತಿರುತ್ತೆ. ಅಳಿಸೋ ಆಜ್ಞೆ ಡಿಸ್ಕಿನೊಳಗೇ ಇರುತ್ತೆ, ಅದನ್ನ ಕೊಡ್ಬೇಕು. ಅದೂ ಆಗ್ಲಿಲ್ವಾ, ಒಳಗಿನ ಚಿಪ್‌ಗಳನ್ನ ಪುಡಿ ಮಾಡ್ಬೇಕು.”

“ಲ್ಯಾಪ್‌ಟಾಪೇ ಸತ್ತಿದ್ರೆ?” ಪಾಲುಪಿ ಕೇಳಿದಳು.

“ಬಸ್ಸು ಕೆಟ್ಟು ನಿಂತ್ರೆ ಒಳಗೆ ಕೂತೋರೂ ಸಾಯ್ತಾರಾ, ಬು?” ಅಮ್ಮಾ ಎನ್ನುವ ಗೌರವದಲ್ಲಿ ‘ಬು’ ಎಂದು ಕರೆದು ಲಿಂತಾಂಗ್ ಕೇಳಿದಳು.

ಎಲ್ಲರೂ ನಕ್ಕರು. ತಾನು ಸಾಗಹಾಕಿದ ಐದರಲ್ಲೂ ಇದ್ದದ್ದು ಎಸ್‌ಎಸ್‌ಡಿಯೇ ಎಂದು ಪಾಲುಪಿಗೆ ನೆನಪಾಯಿತು. ಊಟಕ್ಕೆ ರಾವೋನ್ ಎಂಬ ಮಾಂಸದ ಕಪ್ಪು ಸಾರು ಬಡಿಸಿದ್ದರು. ಅವಳು ಅರ್ಧಕ್ಕೇ ಎದ್ದು ಮುಕ್ರಿಯ ಅಂಗಡಿಗೆ ಓಡಿದಳು.

“ಬನ್ನಿ ಬು, ಇನ್ನೂ ಇದ್ಯಾ ಸಾಮಾನು?” ಎಂದ ಮುಕ್ರಿ.

“ಕೊಟ್ಟಿದ್ದು ವಾಪಸ್ ಬೇಕು, ಚಾಕ್. ಐದೂ.”

“ನಾಲ್ಕು ಇಲ್ಲೇ ಬಿದ್ದಿವೆ, ಒಬ್ಬರೂ ಮೂಸಿ ನೋಡಿಲ್ಲ. ಆ ಸತ್ತಿದ್ದಿತ್ತಲ್ಲ, ಅದಕ್ಕೆ ಬೋರ್ಡ್ ಒಂದೇ ಹೋಗಿತ್ತು. ಡಿಸ್ಕ್ ಗುಂಡುಕಲ್ಲಿನ ಹಾಗಿತ್ತು. ಬೇರೆ ಲ್ಯಾಪ್‌ಟಾಪ್‌ಗೆ ಹಾಕಿ ಮಾರ್ದೆ.”

“ಯಾರಿಗೆ?”

“ಯಾರೋ ಬಂದ, ತಗೊಂಡ, ಹೋದ. ಹೆಸ್ರು ಕೇಳ್ತಾ ಕೂತ್ರೆ ಗಿರಾಕಿ ಪಕ್ಕದಂಗಡಿಗೆ ಹೋಗ್ತಾನೆ, ಬು.”

“ಒಳಗೇನಿತ್ತು ನೋಡಿದ್ಯಾ?”

ಮುಕ್ರಿ ಕೈಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. “ಹೆಂಗಸರ ಫೋಟೋ ಬಂತು. ಒಬ್ಬಳ ಕಣ್ಣು ಬಾತು ಮುಚ್ಚೋಗಿತ್ತು. ನೋಡಕ್ಕಾಗ್ಲಿಲ್ಲ. ಫಾರ್ಮ್ಯಾಟ್ ಒತ್ತಿಬಿಟ್ಟೆ. ದೇವರಾಣೆ.”

ಪಾಲುಪಿ ಅಲ್ಲಿಂದಲೇ ಲಿಂತಾಂಗ್‌ಗೆ ಫೋನು ಮಾಡಿದಳು.

“ಅಳಿಸಿ ಹೋಗಿರ್ಲೂಬಹುದು, ಉಳಿದಿರ್ಲೂಬಹುದು,” ಎಂದಳು ಲಿಂತಾಂಗ್. “ಡಿಸ್ಕ್ ಕೈಗೆ ಸಿಗದೆ ನಾನು ಏನಂತ ಹೇಳ್ಲಿ, ಬು?”

ಸಂಸ್ಥೆಯ ಮುಖ್ಯಸ್ಥೆ ಹೆರ್ಮಿನ್ ಎಲ್ಲವನ್ನೂ ಕೇಳಿ ಬಾಗಿಲು ಮುಂದೆ ಮಾಡಿದಳು.

“ಅಳಿಸಿ ಹೋಗಿರ್ಬಹುದು ಅಂದ್ಳಲ್ಲ ಲಿಂತಾಂಗ್, ಅಷ್ಟು ಸಾಕು ಬಿಡು. ಬರೀ ಅನುಮಾನಕ್ಕೆ ಆ ಮನೇಲಿರೋ ಆರು ಜನಾನ ಹೆದರಿಸಿ ಸಾಯಿಸ್ತೀಯಾ?”

“ಹೆದರ್ಬೇಕೋ ಬೇಡ್ವೋ ಅಂತ ಅವರೇ ಹೇಳ್ಲಿ, ಬು. ಹುಡುಕ್ತಾ ಇರೋದು ಅವರ ಗಂಡಂದಿರು, ನಮ್ಮೋರಲ್ಲ. ಸಹಿ ನಂದು. ನಾನೇ ಹೋಗಿ ಹೇಳ್ತೀನಿ.”

ಹೆರ್ಮಿನ್ ಕಾರಿನ ಕೀಲಿ ತೆಗೆದುಕೊಂಡು ತಾನೂ ಹೊರಟಳು.

ಆ ಮನೆಯಲ್ಲಿ ಆರು ಜನರಲ್ಲೊಬ್ಬಳಾದ ಸುತಿನಾಹ್ ಅಡಿಗೆಗೆ ಸೋಯಾಕಾಳಿನ ತೆಂಪೆ ಹೆಚ್ಚುತ್ತಿದ್ದಳು. ಮಗಳನ್ನು ಹೊಸ ಶಾಲೆಗೆ ಸೇರಿಸಿ ತಿಂಗಳಾಗಿತ್ತು. ಉಳಿದ ಐವರೂ ಬಂದು ಕೂತರು. ಪಾಲುಪಿ ತನ್ನ ತಪ್ಪನ್ನು ಒಂದೂ ಬಿಡದೆ ಹೇಳಿದಳು. ಯಾರೋ ಅಳತೊಡಗಿದರು. ಸುತಿನಾಹ್ ಅಳಲಿಲ್ಲ.

“ನನ್ನ ಫೋಟೋನೂ ಇತ್ತಾ ಅದರಲ್ಲಿ?”

“ಇತ್ತು.”

“ಅವನು ನನ್ನ ಮುಖ ಒಡೆದ. ನೀವು ಅದನ್ನ ಗುಜರಿಗೆ ಮಾರಿದ್ರಿ,” ಎಂದಳು ಸುತಿನಾಹ್. ಒಳಗೆ ಹೋಗಿ ಮಗಳ ಬಟ್ಟೆ ಮಡಚತೊಡಗಿದಳು.

ಮೂರನೆಯ ದಿನ ಆರು ಜನರೂ ಪಕ್ಕದ ಊರಿನ ಬೇರೊಂದು ಮನೆಗೆ ಸೇರಿದರು. ಮರಳಿ ತಂದ ನಾಲ್ಕು ಡಿಸ್ಕ್‌ಗಳ ಚಿಪ್‌ಗಳನ್ನು ಪಾಲುಪಿ ಕಚೇರಿಯ ಹಿತ್ತಲಲ್ಲಿ ಸುತ್ತಿಗೆಯಿಂದ ಜಜ್ಜಿ ಜಜ್ಜಿ ಪುಡಿ ಮಾಡಿದಳು. ಅವಳು ಕೊಟ್ಟ ರಾಜೀನಾಮೆಯನ್ನು ಹೆರ್ಮಿನ್ ಒಪ್ಪಲಿಲ್ಲ. “ಹೋದ್ರೆ ನಿನಗೆ ಸುಲಭ. ಇದ್ದು ಸರಿ ಮಾಡು,” ಎಂದಳು. ಮುಕ್ರಿ ಬೀದಿಬೀದಿ ವಿಚಾರಿಸಿದರೂ ಐದನೆಯ ಡಿಸ್ಕ್ ಸಿಗಲಿಲ್ಲ. ಹಳೆಯ ಮನೆಯನ್ನು ಹುಡುಕಿಕೊಂಡು ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ. ಬರುವುದಿಲ್ಲವೆಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಎರಡು ತಿಂಗಳು ಪಾಲುಪಿಯ ಮುಖ ನೋಡದಿದ್ದ ಸುತಿನಾಹ್ ಒಂದು ದಿನ ಕಚೇರಿಗೇ ಬಂದಳು.

“ಆ ಫೋಟೋ ಇಲ್ಲಿನ್ನೂ ಇದ್ಯಾ?”

“ಕೋರ್ಟಿಗೆ ಬೇಕಾಗುತ್ತೆ ಅಂತ ಇಟ್ಟಿದೀವಿ.”

“ಅಚ್ಚು ಹಾಕಿ ನನ್ನ ಕೈಗೆ ಕೊಡಿ. ಕೋರ್ಟಿಗೆ ನಾನೇ ತಗೊಂಡೋಗ್ತೀನಿ. ಈ ಕಂಪ್ಯೂಟರಿಂದ ತೆಗೀರಿ.”

ಪಾಲುಪಿ ಅಚ್ಚು ಹಾಕಿ ಲಕೋಟೆಯಲ್ಲಿಟ್ಟು ಕೊಟ್ಟಳು. ಅವಳ ಕಣ್ಣೆದುರೇ ಕಂಪ್ಯೂಟರಿನಿಂದ ಚಿತ್ರವನ್ನು ತೆಗೆದುಹಾಕಿದಳು.

“ಈಗ ನಿಜವಾಗ್ಲೂ ಹೋಯ್ತಾ?”

ಪಾಲುಪಿ ಪರದೆ ಬಿಟ್ಟು ಅವಳ ಕಡೆ ತಿರುಗಿದಳು.

“ಪೂರ್ತಿ ಹೋಯ್ತು ಅಂತ ನಾನು ಹೇಳಲಾರೆ, ಸುತಿನಾಹ್,” ಎಂದಳು. “ಈ ಡಿಸ್ಕ್ ಮಾತ್ರ ಈ ಕೋಣೆ ಬಿಟ್ಟು ಇಡಿಯಾಗಿ ಹೊರಗೆ ಹೋಗಲ್ಲ.”

ಸುತಿನಾಹ್ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು, ಮಗಳ ಶಾಲೆ ಬಿಡುವ ಹೊತ್ತಾಯಿತೆಂದು ಎದ್ದಳು.