ಒಂದೇ ಹೊಗಳಿಕೆ, ಇಬ್ಬರಿಗೆ

ಕನ್ನಡಕದ ಅಂಗಡಿಯಿಂದ ಹೊರಬೀಳುತ್ತಲೇ ಮೊಮ್ಮಗಳು ಕಟ್ಟಪ್ಪಣೆ ಮಾಡಿದಳು. "ಅಜ್ಜಿ, ಕಾಫಿ ಅಂಗಡೀಲಿ ನೀನು ಬೇರೆ ಮೇಜು. ನೀನ್ಯಾರೋ, ನಾನ್ಯಾರೋ."

"ಆಗಲಿ ತಾಯಿ. ಕಾಫಿ ಕೊಡಿಸೋದಾದ್ರೂ ನೀನೇ ತಾನೇ?"

ಅವಳನ್ನು ಮನೆಯಲ್ಲಿ ಚೂಟಿ ಎನ್ನುತ್ತೇವೆ. ಕಾಮರ್ಸ್ ಕೊನೆಯ ವರ್ಷ. ದೊಡ್ಡ ಕಂಪನಿಗಳು ಒಂದನ್ನೊಂದು ಕೊಳ್ಳುವಾಗ ನಡುವೆ ನಿಂತು ಬೆಲೆ ಕಟ್ಟಿ, ಮಾತು ಕುದುರಿಸುವ ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲೇ ಕೆಲಸ ಹಿಡಿಯಬೇಕೆಂಬುದು ಅವಳ ಹಟ. ಬರೀ ಅಂಕ ನೋಡಿ ಅಲ್ಲಿ ಸಂದರ್ಶನಕ್ಕೂ ಕರೆಯುವುದಿಲ್ಲವಂತೆ. ಒಳಗಿರುವವರು ಯಾರಾದರೂ 'ಈ ಹುಡುಗೀನ ಸ್ವಲ್ಪ ನೋಡಿ' ಎನ್ನಬೇಕಂತೆ. ನಮ್ಮ ವಂಶದಲ್ಲಿ ಬ್ಯಾಂಕಿಗೆ ಹೋದವರೆಲ್ಲ ಕೌಂಟರಿನ ಈಚೆಗೇ ನಿಂತವರು. ಹಾಗಾಗಿ ಅವಳು ಗುರುತಿಲ್ಲದವರಿಗೆಲ್ಲ ಫೋನಿನಲ್ಲಿ ಬರೆದು, ಸ್ವಲ್ಪ ಹೊತ್ತು ಮಾತಾಡಬಹುದೇ ಎಂದು ಕೇಳುತ್ತಿದ್ದಳು. ಕಡೆಗೆ, ಅವಳ ಕಾಲೇಜಿನಲ್ಲೇ ಓದಿ ಈಗ ಅಂಥದೊಂದು ಬ್ಯಾಂಕಿನಲ್ಲಿರುವ ಒಬ್ಬಾಕೆ ಕಾಫಿ ಅಂಗಡಿಯಲ್ಲಿ ಸಿಗಲು ಒಪ್ಪಿದ್ದರು. ಸಂದರ್ಶನಕ್ಕೆ ಯಾರನ್ನು ಕರೆಯುವುದೆಂದು ಆ ವಾರವೇ ತೀರ್ಮಾನವಾಗುವುದಿತ್ತು.

ನಾನು ಪಕ್ಕದ ಮೇಜು ಹಿಡಿದು ಕೂತ ಮೇಲೆ ಆಕೆ ಬಂದರು. ಹಿಂದೆಯೇ ಒಬ್ಬಾತನೂ ಬಂದ. ಚೂಟಿಯ ಮುಖ ಸುಣ್ಣವಾಯಿತು. ಅವನಿಗೂ ಬರೆದಿದ್ದಳು.

"ಇವನು ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯವನು," ಎಂದು ಆಕೆ ಎರಡು ಫೋನುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟರು. "'ಈ ಕ್ಷೇತ್ರದಲ್ಲಿ ನನಗೆ ದಾರಿದೀಪ ನೀವೊಬ್ಬರೇ.' ನನಗೆ ಸೋಮವಾರ ಬಂತು. ಇವನಿಗೆ ಮಂಗಳವಾರ."

"ಒಂದು ದಿನ ಪೂರ್ತಿ ನೀನೊಬ್ಬಳೇ ದೀಪವಾಗಿ ಉರಿದಿದ್ದೀಯಲ್ಲ, ಬಿಡು," ಎಂದ ಆತ.

ನಾನು ಲೋಟದ ಹಿಂದೆ ಮುಖ ಮುಚ್ಚಿಕೊಂಡೆ. ನಮ್ಮನೆಯವರೂ ಹೀಗೇ ಇದ್ದರು. ನಿನ್ನ ಕೈರುಚಿ ಇನ್ಯಾರಿಗೂ ಇಲ್ಲ ಎಂದು ನನಗೂ ಹೇಳುತ್ತಿದ್ದರು, ಅವರ ಅತ್ತಿಗೆಗೂ ಹೇಳುತ್ತಿದ್ದರು. ನಾವಿಬ್ಬರೂ ಒಂದೇ ಒಲೆಯ ಮುಂದೆ ಕೂರುವವರೆಂದು ಆ ಪುಣ್ಯಾತ್ಮರಿಗೆ ಹೊಳೆದೇ ಇರಲಿಲ್ಲ.

ಚೂಟಿ ನೆಪ ಹುಡುಕುತ್ತಾಳೇನೋ ಎಂದುಕೊಂಡೆ. ಹುಡುಕಲಿಲ್ಲ. "ತಪ್ಪಾಯ್ತು. ನಿಮ್ಮಿಬ್ಬರ ಬಗ್ಗೇನೂ ನನಗೆ ಏನೂ ಗೊತ್ತಿಲ್ಲ. ಹಾಗಂತ ಬರೆದ್ರೆ ಯಾರು ಬರ್ತಾರೆ ಅಂತ ಹೊಗಳಿಬಿಟ್ಟೆ."

"ಹಾಗಾದ್ರೆ ಗೊತ್ತಿಲ್ಲದ್ದನ್ನೇ ಕೇಳಮ್ಮ," ಎಂದರು ಆಕೆ.

ಅವಳು ಕುರ್ಚಿ ಮುಂದೆಳೆದುಕೊಂಡು ಕೇಳಿದಳು. "ತಿಂಗಳುಗಟ್ಟಲೆ ದುಡಿದ ವ್ಯವಹಾರ ಕಡೇ ಗಳಿಗೇಲಿ ಮುರಿದುಬಿದ್ರೆ, ಮಾರನೇ ದಿನ ಆಫೀಸಿಗೆ ಬಂದು ಏನ್ಮಾಡ್ತೀರಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಹೋದ ವಾರವಷ್ಟೇ ಅವರದೊಂದು ಹಾಗೆ ಮುರಿದಿತ್ತಂತೆ.

"ಇವಳು ಕೂತು ಡ್ರಾಯರ್ ಚೊಕ್ಕ ಮಾಡಿದ್ಲು," ಎಂದ ಆತ.

"ಇವನು ಕೈಕೊಟ್ಟವರಿಗೇ ಫೋನ್ ಮಾಡಿ, ಮಗಳ ಮದುವೆ ಹೇಗಾಯ್ತು ಅಂತ ವಿಚಾರಿಸ್ದ. ವ್ಯವಹಾರ ಹೋದ್ರೂ ಮನುಷ್ಯರು ಎಲ್ಲಿ ಹೋಗ್ತಾರೆ?"

ಆಮೇಲೆ ಮಾತು ಸರಾಗವಾಗಿ ಸಾಗಿತು. ಮೂವರ ಕಾಫಿಯೂ ಆರಿತು. ಏಳುವಾಗ ಆಕೆ, "ನಿನ್ನ ಹೆಸರು ಹೇಳ್ತೀನಿ. ಸಂದರ್ಶನಕ್ಕೆ ಕರೀತಾರೆ, ಅಷ್ಟೇ. ಮುಂದಿನದು ನಿಂದು," ಎಂದರು.

"ನಾನು ಮಾತ್ರ ಹೇಳಲ್ಲಪ್ಪ," ಎಂದ ಆತ. "ಇಬ್ಬರೂ ಒಂದೇ ಥರ ಹೊಗಳಿದ್ರೆ ಅನುಮಾನ ಬರುತ್ತೆ."

ಹೋಗುವ ಮುನ್ನ ನನ್ನ ಮೇಜಿನತ್ತ ತಿರುಗಿ, "ಬರ್ತೀವಿ ಅಜ್ಜಿ," ಎಂದ. ನನ್ನ ಮೂಗೂ ಚೂಟಿಯ ಮೂಗೂ ಒಂದೇ ಅಚ್ಚಿನದು, ಅದನ್ನೆಲ್ಲಿ ಬಚ್ಚಿಡುವುದು?

ಬಸ್ಸಿನಲ್ಲಿ ಚೂಟಿ ಇಬ್ಬರಿಗೂ ವಂದನೆ ಬರೆಯಲು ಕೂತಳು. ಆತನದು ಬೇಗ ಮುಗಿಯಿತು. ಆಕೆಯದನ್ನು ಬರೆದಳು, ಅಳಿಸಿದಳು, ಮತ್ತೆ ಬರೆದಳು. ನಮ್ಮ ಸ್ಟಾಪ್ ಹತ್ತಿರವಾಯಿತು.

"ಎರಡು ಸಾಲಿಗೆ ಇಷ್ಟು ಯೋಚನೇನೇ?"

"ಅವರಿಗೆ ಹೇಳಿದ್ದನ್ನ ಇವರಿಗೆ ಹೇಳೋ ಹಾಗಿಲ್ವಲ್ಲ, ಅಜ್ಜಿ," ಎಂದಳು ತಲೆಯೆತ್ತದೆ.