ಗೇಟಿನ ಮೊದಲ ಸಾಲು

'ಟಕ್' ಎಂದಿತು. ಹಣಮಂತಮ್ಮ ಬ್ಯಾಟರಿಯ ತಂತಿ ಕಿತ್ತು ಮತ್ತೆ ಚುಚ್ಚಿದಳು. ಮತ್ತೆ ಟಕ್. ಮೋಟಾರಿಗೆ ಕರೆಂಟು ಬಿಡುವ ರಿಲೇ ಪಕ್ಕದ ಕೆಂಪು ದೀಪ ಕ್ಷಣಹೊತ್ತು ಉರಿದು ಆರಿತು.

"ಮೌನಪ್ಪಾ, ಗೇಟಿನ ಬೋರ್ಡ್ ನೋಡಿಲ್ಲಿ. ಯಾರೂ ಹೇಳದನ ಮೋಟಾರಿಗೆ ಏಳು ಅನ್ನಾಕತ್ತದ."

"ಪಂಪಿನ ಬೋರ್ಡಿಗೂ ಅದೇ ಕೋಡ್ ಅದ. ಅದು ಹೆಂಗ ಸುಮ್ಕ ಕುಂತದ?"

ಸುಮ್ಮನೆ ಕೂತಿತ್ತು, ಅದಕ್ಕೇ ಹಣಮಂತಮ್ಮ ತಾನು ನಿನ್ನೆ ಮಾಡಿದ ಬದಲಾವಣೆಯನ್ನು ನೆನೆದಳು. ಭೀಮರಾಯನಗುಡಿಯ ಆ ಒಂದು ಕೋಣೆಯ ಅಂಗಡಿಯಲ್ಲಿ ಇಬ್ಬರೂ ಸೇರಿ ಹೊಲದ ಪಂಪಿಗೂ ಕಾಲುವೆಯ ಗೇಟಿಗೂ ಬೋರ್ಡು ಮಾಡುತ್ತಿದ್ದರು. ಬೋರ್ಡಿನೊಳಗಿನ ಕೋಡು, ಅಂದರೆ ಫರ್ಮ್‌ವೇರ್, ಓಪನ್ ಸೋರ್ಸ್. ಯಾರು ಬೇಕಾದರೂ ಇಳಿಸಿಕೊಂಡು ತಿದ್ದಬಹುದು. ಕರೆಂಟು ಬಂದೊಡನೆ ಬೋರ್ಡು ಓದುವ ಸಾಲುಗಳು ಎರಡರ ಫೋಲ್ಡರಿನಲ್ಲೂ ಹೆಚ್ಚುಕಡಿಮೆ ಒಂದೇ. 'ಒಂದ ಅಡಗಿಗೆ ಎರಡು ಒಲಿ ಯಾಕ?' ಎಂದು ಮೌನಪ್ಪ ದಿನಾ ಗೊಣಗುತ್ತಿದ್ದ. ನಿನ್ನೆ ಹಣಮಂತಮ್ಮ ಅವನ್ನೆಲ್ಲ ಒಂದೇ ಕಡೆ, ಎರಡಕ್ಕೂ ಸಾಮಾನ್ಯವಾದ ಫೋಲ್ಡರಿಗೆ ಸಾಗಿಸಿದ್ದಳು.

ಆ 'ಹೆಚ್ಚುಕಡಿಮೆ'ಯನ್ನು ಮರೆತಿದ್ದಳು. ಗೇಟಿನ ರಿಲೇ ತಿರುವುಮುರುವು. ಯಾವ ಸಂಕೇತಕ್ಕೆ ಪಂಪು ನಿಲ್ಲುತ್ತದೋ ಅದಕ್ಕೇ ಗೇಟು ಏಳುತ್ತದೆ. ಸಾಮಾನ್ಯ ಸಾಲುಗಳು ಮೊದಲು ಕೊಡುವುದು ಆ ಸಂಕೇತವನ್ನೇ. ಅದನ್ನು ತಡೆಯುವ ಸಾಲು ಮೊದಲು ಎಲ್ಲಕ್ಕಿಂತ ಮುಂದಿತ್ತು. ಈಗ ಸಾಮಾನ್ಯ ಸಾಲುಗಳು ಮುಗಿಯುವವರೆಗೆ ಕಾಯುತ್ತಿತ್ತು. ಅವುಗಳಲ್ಲೊಂದು, ಫೋನಿನ ಸಿಗ್ನಲ್ ಹುಡುಕುವುದು. ಅಂಗಡಿಯಲ್ಲಿ ಅದು ಕ್ಷಣದ ಕೆಲಸ. ಸಿಗ್ನಲ್ಲೇ ಸಿಗದ ಕಾಲುವೆಯ ದಂಡೆಯಲ್ಲಿ?

ನಿನ್ನೆ ಸಂಜೆಯೇ ಆ ಹೊಸ ಕೋಡನ್ನು ಉಪಕಾಲುವೆಯ ಗೇಟಿನ ಬೋರ್ಡಿಗೆ ಹಾಕಿ ಬಂದಿದ್ದಳು. ಮೋಟಾರಿನ ಸ್ವಿಚ್ಚು ಇಳಿಸಿ ಹಾಕಿದ್ದರಿಂದ ಆಗ ಏನೂ ತಿಳಿದಿರಲಿಲ್ಲ.

"ಅಲ್ಲಿ ಕರೆಂಟ್ ಅದ ಏನು?"

"ಮುಂಜಾನಿಂದ ಇಲ್ಲ. ಅದಕ್ಕ ಮಲ್ಕಪ್ಪ ಕಾಕಾ ಗೇಟಿನ ಕೆಳಗಿಳದು ಹುಲ್ಲು ಕೀಳಾಕ..." ಮೌನಪ್ಪನ ಮಾತು ಅರ್ಧಕ್ಕೇ ನಿಂತಿತು.

ಗೇಟು ಕಾಯುವ ಮಲ್ಕಪ್ಪನ ಫೋನು ಹತ್ತಲಿಲ್ಲ. ಲೈನ್‌ಮನ್‌ನದು ಬಿಜಿ. "ಅವನ ಫೋನ್ ಹತ್ತಿದಾಗ ಹೇಳು, ಲೈನ್ ಕೊಡಬ್ಯಾಡ ಅನ್ನು!" ಎಂದವಳೇ ಹಣಮಂತಮ್ಮ ಸ್ಕೂಟಿ ಹತ್ತಿದಳು. ದಾರಿಯ ಹಿಟ್ಟಿನ ಗಿರಣಿ ಕರೆಂಟಿಲ್ಲದೆ ಸುಮ್ಮನಿತ್ತು. ಯವ್ವಾ, ಹಂಗ ಸುಮ್ಕಿರು, ಎಂದು ಗಿರಣಿಗೇ ಬೇಡಿಕೊಂಡಳು.

ಗೇಟಿನ ಈಚೆ ನೀರು ದಂಡೆ ಮುಟ್ಟಿ ನಿಂತಿತ್ತು. ಆಚೆಯ ಒಣ ತಳದಲ್ಲಿ ಮಲ್ಕಪ್ಪ ಕುಡುಗೋಲು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಅವಳು ಮೊದಲು ಸ್ವಿಚ್ಚಿನ ಪೆಟ್ಟಿಗೆಗೆ ಓಡಿದಳು. ಬೀಗ. ವೈರು ಕದಿಯುವವರ ಕಾಟಕ್ಕೆ ಕೀಲಿಯನ್ನು ಮಲ್ಕಪ್ಪ ಉಡದಾರಕ್ಕೇ ಕಟ್ಟಿಕೊಂಡಿರುತ್ತಿದ್ದ.

"ಕಾಕಾ, ಮ್ಯಾಲ ಬರ್ರಿ! ಲಗೂನ!"

"ಯಾಕ ಯವ್ವಾ, ನಾಯಿ ಬೆನ್ನ ಹತ್ಯಾವೇನು? ಇನ್ನೀಟ ಹುಲ್ಲದ."

"ಗೇಟ್ ಏಳ್ತದ್ರಿ!"

"ಕರೆಂಟಿಲ್ದ ಏಳಾಕ ಅದೇನು ನಿಮ್ಮ ಕಾಕಿ ಸಿಟ್ಟೇನು?" ಅವನು ತನ್ನ ಮಾತಿಗೆ ತಾನೇ ನಕ್ಕ.

"ನಿಮ್ಮ ಕಾಲಿಗೆ ಬೀಳ್ತೀನ್ರಿ, ಬರ್ರಿ!"

ಅವಳು ದಂಡೆಯ ಅಂಚಿಗೆ ಮೊಣಕಾಲೂರಿ ಕೈ ಚಾಚಿದಳು. ಮಲ್ಕಪ್ಪ ನಗು ನಿಲ್ಲಿಸಿದ. ಕುಡುಗೋಲು ಬಿಟ್ಟು ಕಬ್ಬಿಣದ ಮೆಟ್ಟಿಲು ಹಿಡಿದ. ಅರ್ಧ ಏರಿದ್ದನೋ ಇಲ್ಲವೋ, ಪೆಟ್ಟಿಗೆಯೊಳಗೆ ಟಕ್ ಎಂದಿತು.

ಮೋಟಾರು ಹೂಂಕರಿಸಿತು. ಗೇಟು ಏಳತೊಡಗಿತು, ನಿಲ್ಲಲೇ ಇಲ್ಲ. ಕೆಳಗಿನಿಂದ ನುಗ್ಗಿದ ನೀರು ಅವನ ಎರಡೂ ಕಾಲನ್ನು ಮೆಟ್ಟಿಲಿನಿಂದ ಕಿತ್ತಿತು. ಹಣಮಂತಮ್ಮ ಬೋರಲು ಬಿದ್ದು ಅವನ ಮುಂಗೈ ಹಿಡಿದಳು. ಯಾರು ಯಾರನ್ನು ಎಳೆದರೋ, ಕೊನೆಗೆ ಇಬ್ಬರೂ ದಂಡೆಯ ಮಣ್ಣಿನ ಮೇಲಿದ್ದರು. ಆಮೇಲೆ ಯಾವಾಗಲೋ, ಸಿಗ್ನಲ್ ಹುಡುಕಾಟ ಮುಗಿದು ತಡೆಯುವ ಸಾಲಿನ ಸರದಿ ಬಂದಾಗ, ಮೋಟಾರು ತಾನಾಗಿ ನಿಂತಿತು. ನೀರು ನಿಲ್ಲಲಿಲ್ಲ.

"ತಾನಾ ಎದ್ದಿತಲ್ಲ ಯವ್ವಾ..."

"ತಾನಾ ಅಲ್ರಿ ಕಾಕಾ. ನಾನ ಎಬ್ಬಿಸೀನಿ."

ಅವನು ಉಡದಾರದ ಕೀಲಿಗೆ ಕೈ ಹಾಕಿದ. ಒದ್ದೆ ಗಂಟು ಬಿಚ್ಚಿಕೊಳ್ಳಲಿಲ್ಲ. ಅವಳೇ ಬಿಚ್ಚಿಕೊಂಡು ಪೆಟ್ಟಿಗೆ ತೆಗೆದು ಮೇನ್ ಸ್ವಿಚ್ಚಿನ ಹಿಡಿಕೆ ಇಳಿಸಿದಳು. ಸಿಗ್ನಲ್ ಸಿಗುವಷ್ಟು ದೂರ ನಡೆದು ಮೌನಪ್ಪನಿಗೆ ಫೋನು ಹಚ್ಚಿದಳು.

"ಕಾಕಾ ಆರಾಮ ಅದಾನ. ಗೇಟಿನ ಸಾಲು ಗೇಟಿನ ಫೋಲ್ಡರಿಗೇ ಹಾಕು, ಎಲ್ಲಾಕಿಂತ ಮುಂದ. ಉಳಿದಿದ್ದು ಬೇಕಾದ್ರ ಒಂದ ಕಡಿ ಇರ್ಲಿ."

"ಹಂಗಾದ್ರ ಪ್ರತಿ ಸಲ ಎರಡೂ ಕಡಿ ನೋಡ್ಬೇಕಾತದ."

"ನೋಡೂಣು."

ತಿರುಗಿ ಬಂದಾಗ ಮಲ್ಕಪ್ಪ ಪೆಟ್ಟಿಗೆಯ ಮುಂದೆ ನಿಂತಿದ್ದ. ಧೋತರದಿಂದ ನೀರು ಸೋರುತ್ತಿತ್ತು.

"ಕುಂಡ್ರಿ ಕಾಕಾ. ಇಳಿಸೀನ್ರಿ, ಇನ್ನ ಏನೂ ಆಗಂಗಿಲ್ಲ."

ಅವನು ಹೂಂ ಎಂದು ತಲೆಯಾಡಿಸಿದ. ಇಳಿಸಿದ ಹಿಡಿಕೆಯನ್ನು ಮಾತ್ರ ಎರಡೂ ಕೈಯಿಂದ ಒತ್ತಿ ಹಿಡಿದೇ ನಿಂತಿದ್ದ.