ಬೋರಗಾಂವದ ಮಗ್ಗದ ಶೆಡ್ಡಿನ ಬಾಗಿಲಲ್ಲಿ

ಸೌಂದರ್ಯಾ ಆಸ್ಪತ್ರೆಯ ಮನೋರೋಗ ತಂಡ ಸೇರಿ ಒಂಬತ್ತು ದಿನವಾಗಿತ್ತು. ಮನಸ್ಸಿನ ಕಾಯಿಲೆಯಿಂದ ನರಳಿ ಗುಣವಾದವರನ್ನೇ, ಅದೇ ಸಂಕಟದಲ್ಲಿರುವವರ ಬಳಿಗೆ ಕರೆದೊಯ್ಯಬೇಕೆಂದು ಮೇಲಿನಿಂದ ಆದೇಶ ಬಂದಾಗ ನರ್ಸ್ ಸುಹಾಸ ಒಳಗೊಳಗೇ ನಕ್ಕಿದ್ದ. ಹದಿನಾಲ್ಕು ವರ್ಷದ ಅನುಭವ ಅವನದು. ರೋಗಿಯಾಗಿದ್ದವಳು ತನಗೇನು ಕಲಿಸಿಯಾಳು?

ಅವತ್ತು ಬೆಳಿಗ್ಗೆ ಬೋರಗಾಂವದಿಂದ ಕರೆ ಬಂತು. ನೇಕಾರ ಮಾಳೇಶ ಮೂರು ದಿನದಿಂದ ಮಲಗಿರಲಿಲ್ಲ. ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಮಗ್ಗದ ಶೆಡ್ಡಿನೊಳಗೆ ಚಿಲಕ ಹಾಕಿಕೊಂಡು, ಕಬ್ಬಿಣದ ಸಲಾಕೆ ಹಿಡಿದು ಕೂತಿದ್ದ. ತಂಡ ತಲುಪಿದಾಗ ಹೊರಗೆ ಅವನ ತಾಯಿ ಸೋನಾಬಾಯಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಸುಹಾಸ ಇಂಜೆಕ್ಷನ್ ತುಂಬಿಕೊಂಡ, ಕೈಕಾಲು ಕಟ್ಟುವ ಪಟ್ಟಿ ಹೆಗಲಿಗೆ ಹಾಕಿಕೊಂಡ, ಬಾಗಿಲು ಒಡೆಯಲು ನಾಲ್ಕು ಜನರನ್ನು ಕೂಗಿದ.

“ಒಂದ್ ಹತ್ತ ನಿಮಿಷ ತಡೀರಿ ಸರ,” ಎಂದು ಸೌಂದರ್ಯಾ ಹೊಸ್ತಿಲ ಮೇಲೆ ಕೂತೇಬಿಟ್ಟಳು.

“ಮಾಳೇಶ, ನಾ ಸೌಂದರ್ಯಾ, ಅಥಣಿಯಾಕಿ. ನಿನ್ನಂಗ ನನಗೂ ಆಗಿತ್ತು.”

ಒಳಗಿನಿಂದ ಒಡೆದ ದನಿ ಬಂತು: “ಸುಳ್ಳ. ನನ್ನ ಕಟ್ಟಾಕ ಬಂದೀರಿ.”

“ನನ್ನೂ ಕಟ್ಟಿದ್ರಪಾ. ಏಳ ವರ್ಷ ಆತು. ಮಂಚಕ್ಕ ಕೈಕಾಲ ಬಿಗದು ಹೋದಾವ್ರು ಸಂಜೀತನಕ ಬರಲಿಲ್ಲ. ನೀರ ನೀರ ಅಂದೆ, ಯಾರೂ ಕೊಡಲಿಲ್ಲ. ಉಟ್ಟ ಅರಿವ್ಯಾಗ ಎಲ್ಲಾ ಆತು.” ಅವಳ ದನಿ ಏರಲಿಲ್ಲ. “ಕಟ್ಟಿದಾವ್ರು ಈಗ ನನ್ನ ಹಿಂದ ನಿಂತಾರ. ಸುಹಾಸ ಸರ.”

ಸುಹಾಸ ಅವಳ ಅಂದಿನ ಮುಖ ನೆನಪಿಸಿಕೊಳ್ಳಲು ನೋಡಿದ. ಬರಲಿಲ್ಲ. ಆಗ ತಾನಿದ್ದ ಹಳೆಯ ಆಸ್ಪತ್ರೆಯ ವಾರ್ಡಿನಲ್ಲಿ ಎಷ್ಟೋ ಮಂಚ, ಎಷ್ಟೋ ಜನ. ಯಾರೊಬ್ಬರ ಮುಖವೂ ಅವನಲ್ಲಿ ಉಳಿದಿರಲಿಲ್ಲ, ಬರೀ ತಾನು ಪಟ್ಟಿ ಬಿಗಿದ ಮಣಿಕಟ್ಟುಗಳು. ಸೋನಾಬಾಯಿ ತನ್ನನ್ನೇ ದಿಟ್ಟಿಸುತ್ತಿದ್ದಾಳೆಂದು ತಿಳಿದಾಗ ಹೆಗಲ ಮೇಲಿನ ಪಟ್ಟಿಯನ್ನು ಎಲ್ಲಿಡಬೇಕೆಂದು ತೋಚದೆ ನಿಂತ.

“ಖರೇ ಏನ್ರಿ ಸರ?” ಒಳಗಿನಿಂದ ಮಾಳೇಶ ಕೇಳಿದ.

ಸುಹಾಸ ಪಟ್ಟಿಯನ್ನು ಹೆಗಲಿಂದ ತೆಗೆದು ನೆಲಕ್ಕಿಟ್ಟ. “ಖರೇ,” ಎಂದ. “ನಾನ ಕಟ್ಟಿದ್ದು. ನಿನ್ನ ಕಟ್ಟಂಗಿಲ್ಲ.”

ಒಳಗೆ ಸಲಾಕೆ ನೆಲಕ್ಕೆ ಬಿದ್ದ ಸದ್ದಾಯಿತು. ಚಿಲಕ ಸರಿಯಿತು. ಮಾಳೇಶ ಸೌಂದರ್ಯಾಳ ಕೈ ಹಿಡಿದುಕೊಂಡು ತಾನಾಗಿಯೇ ಆಸ್ಪತ್ರೆಯ ಗಾಡಿ ಹತ್ತಿದ.

ಆಸ್ಪತ್ರೆಯಲ್ಲಿ ಔಷಧಿ ನುಂಗಿ ಅವನಿಗೆ ನಿದ್ದೆ ಹತ್ತಿದ ಮೇಲೆ ಸುಹಾಸ ಸೌಂದರ್ಯಾಳ ಮುಂದೆ ಬಂದು ನಿಂತ.

“ಮೊದಲನೇ ದಿನಾನ ನನ್ನ ಗುರ್ತ ಹಿಡದಿದ್ರೇನ್ರಿ?”

“ದನಿ ಕೇಳಿದ ಕೂಡ್ಲೆ.”

“ತಪ್ಪಾತ್ರಿ ಅಕ್ಕಾರ.”

“ಹೌದ್ರಿ, ತಪ್ಪಾಗಿತ್ತು.”

‘ಇರಲಿ ಬಿಡ್ರಿ’ ಎನ್ನುತ್ತಾಳೇನೋ ಎಂದು ಅವನು ಕಾದ. ಅವಳು ಅನ್ನಲಿಲ್ಲ. “ಸೋನಾಬಾಯಿ ಮುಂಜಾನಿಂದ ಏನೂ ತಿಂದಿಲ್ಲ. ಕರಕೊಂಡ ಹೋಗಿ ಬರತೀನಿ. ನೀವು ಇವನ ಹಂತ್ಯಾಕ ಕೂಡ್ರಿ,” ಎಂದು ಎದ್ದಳು.

ಸುಹಾಸ ಸ್ಟೂಲು ಎಳೆದು ಕೂತ. ಮಾಳೇಶನ ಹುಬ್ಬಿಗೆ ಹತ್ತಿಯ ಎಳೆಯೊಂದು ಅಂಟಿತ್ತು. ಸುಹಾಸ ಬಗ್ಗಿ, ಆ ಮುಖವನ್ನೇ ನೋಡುತ್ತ, ಅದನ್ನು ಮೆಲ್ಲಗೆ ತೆಗೆದ.